ಇನ್ನೆಷ್ಟು ದಿನಕ್ಕೆ ಸಾಕು: ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಡ್ಯಾಶ್‌ಬೋರ್ಡ್ ಕಟ್ಟುವ ಕ್ರಮ

ಮಳೆಗಾಲ ಬಂತೆಂದರೆ ಕನ್ನಡ ದಿನಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ಮಟ್ಟದ ಪಟ್ಟಿ ಕಾಣಿಸಿಕೊಳ್ಳುತ್ತದೆ. ಕೃಷ್ಣರಾಜಸಾಗರದ ಸಾಲಿನಲ್ಲಿ ಗರಿಷ್ಠ ಮಟ್ಟ 124.80 ಅಡಿ ಎಂದಿರುತ್ತದೆ. ಅದರ ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು. ನಾಲೆಯ ನೀರನ್ನು ನಂಬಿ ಭತ್ತ ಬೆಳೆಯುವ ಮಂಡ್ಯದ ರೈತರು ಮಟ್ಟವೊಂದನ್ನೇ ನೋಡಿ ಪತ್ರಿಕೆ ಮಡಚುವುದಿಲ್ಲ. ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ, ಹೀಗೆಯೇ ಮುಂದುವರಿದರೆ ನಾಟಿಗೆ ಸಾಕಾದೀತೇ ಎಂದು ಮೂರನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಡೇಟಾಬೇಸ್ ಒಂದರ ಕಾರ್ಯಕ್ಷಮತೆ ಮತ್ತು ಸಾಮರ್ಥ್ಯದ ಮೇಲೆ ನಿಗಾ ಇಡುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ನಾನು ನೋಡಿರುವ ಬಹಳಷ್ಟು ಡ್ಯಾಶ್‌ಬೋರ್ಡ್‌ಗಳು (ಅಂಕಿಗಳನ್ನು ಗ್ರಾಫ್‌ಗಳಾಗಿ ತೋರಿಸುವ ಪರದೆಗಳು) ಇಂದಿನ ಮಟ್ಟವನ್ನು ಬಣ್ಣಬಣ್ಣವಾಗಿ ತೋರಿಸಿ, ಒಳಹರಿವು ಹೊರಹರಿವುಗಳನ್ನು ಬಿಟ್ಟುಬಿಟ್ಟಿರುತ್ತವೆ.

ಈ ಬರಹದಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸನ್ನು, ಅದರ ಅಂಕಿಗಳನ್ನು ಸಂಗ್ರಹಿಸಲು ಪ್ರೊಮೀಥಿಯಸ್ ಅನ್ನು, ತೋರಿಸಲು ಗ್ರಫಾನಾವನ್ನು ತೆಗೆದುಕೊಂಡಿದ್ದೇನೆ. ಮೂರೂ ಮುಕ್ತ ತಂತ್ರಾಂಶಗಳು. ಪರವಾನಗಿಗೆ ಹಣ ಕೊಡಲಾಗದ ಚಿಕ್ಕ ಸಂಸ್ಥೆಯೂ ಇವುಗಳನ್ನು ಒಂದೇ ದಿನದಲ್ಲಿ ನೆಲೆಗೊಳಿಸಬಹುದು. ಬೇರೆ ಡೇಟಾಬೇಸ್ ಬಳಸುವವರಿಗೆ ಇಲ್ಲಿನ ಹೆಸರುಗಳು ಬದಲಾಗುತ್ತವೆಯಾದರೂ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ ಆಗಿರುತ್ತವೆ.

ಮೊದಲ ಸಿದ್ಧತೆ

ನಿಗಾಕ್ಕೆಂದೇ ಡೇಟಾಬೇಸಿನಲ್ಲಿ ಒಂದು ಪ್ರತ್ಯೇಕ ಬಳಕೆದಾರರನ್ನು ಸೃಷ್ಟಿಸಬೇಕು. ಅವರಿಗೆ ಸೂಪರ್‌ಯೂಸರ್ ಅಧಿಕಾರ ಕೊಡುವುದು ಬೇಡ. 10ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ_ಮಾನಿಟರ್’ ಎಂಬ ಸಿದ್ಧ ರೋಲ್ (ಅಧಿಕಾರಗಳ ಕಟ್ಟು) ಇದೆ. ಅಂಕಿಅಂಶಗಳ ವ್ಯೂಗಳನ್ನೆಲ್ಲ (ಸಿದ್ಧ ಪಟ್ಟಿಗಳನ್ನು) ಓದಲು ಅದು ಸಾಕು. ಎರಡನೆಯದಾಗಿ ‘ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್’ ಎಂಬ ಎಕ್ಸ್‌ಟೆನ್ಷನ್ ಅನ್ನು, ಅಂದರೆ ಪ್ರತಿ ಬಗೆಯ ಕ್ವೆರಿ (ಡೇಟಾಬೇಸಿಗೆ ಕೊಡುವ ಆಜ್ಞೆ) ಎಷ್ಟು ಸಲ ಓಡಿತು, ಎಷ್ಟು ಹೊತ್ತು ತೆಗೆದುಕೊಂಡಿತೆಂದು ಲೆಕ್ಕವಿಡುವ ಸೇರ್ಪಡೆಯನ್ನು, ಚಾಲನೆಗೆ ತರಬೇಕು. ಇದರ ಹೆಸರನ್ನು ‘ಶೇರ್ಡ್_ಪ್ರಿಲೋಡ್_ಲೈಬ್ರರೀಸ್’ ಸಾಲಿಗೆ ಸೇರಿಸಿದ ಮೇಲೆ ಸರ್ವರನ್ನು ಒಮ್ಮೆ ರೀಸ್ಟಾರ್ಟ್ ಮಾಡಲೇಬೇಕಾಗುವುದರಿಂದ, ತೊಂದರೆ ಬಂದ ದಿನ ನೋಡೋಣ ಎಂದು ಮುಂದೂಡುವಂತಿಲ್ಲ. ಹೊಸ ಡೇಟಾಬೇಸ್ ಸ್ಥಾಪಿಸಿದ ದಿನವೇ ಈ ಕೆಲಸ ಮುಗಿಸಿಬಿಡುವುದು ಕ್ಷೇಮ. ಅದರ ಜೊತೆಗೆ ‘ಟ್ರ್ಯಾಕ್_ಐಒ_ಟೈಮಿಂಗ್’ ಅನ್ನೂ ಆನ್ ಮಾಡಿಡಿ. ಮೂಲತಃ ಅದು ಆಫ್ ಆಗಿರುತ್ತದೆ, ಆನ್ ಮಾಡದಿದ್ದರೆ ಯಾವ ಕ್ವೆರಿ ಡಿಸ್ಕಿಗಾಗಿ ಎಷ್ಟು ಹೊತ್ತು ಕಾದಿತೆಂಬುದು ತಿಳಿಯುವುದಿಲ್ಲ.

ಅನಂತರ ‘ಪೋಸ್ಟ್‌ಗ್ರೆಸ್ ಎಕ್ಸ್‌ಪೋರ್ಟರ್’ ಮತ್ತು ‘ನೋಡ್ ಎಕ್ಸ್‌ಪೋರ್ಟರ್’ ಎಂಬ ಎರಡು ಚಿಕ್ಕ ಪ್ರೋಗ್ರಾಂಗಳನ್ನು ಓಡಿಸಬೇಕು. ಮೊದಲನೆಯದು ಡೇಟಾಬೇಸಿನ ಅಂಕಿಗಳನ್ನು 9187ನೇ ಪೋರ್ಟಿನಲ್ಲಿಯೂ, ಎರಡನೆಯದು ಯಂತ್ರದ ಸಿಪಿಯು, ಮೆಮೊರಿ, ಡಿಸ್ಕಿನ ಅಂಕಿಗಳನ್ನು 9100ನೇ ಪೋರ್ಟಿನಲ್ಲಿಯೂ ಒದಗಿಸುತ್ತವೆ. ಪ್ರೊಮೀಥಿಯಸ್ ಈ ಎರಡು ಬಾಗಿಲುಗಳಿಗೆ ನಿಗದಿತ ಅಂತರದಲ್ಲಿ ಬಂದು ಅಂಕಿಗಳನ್ನು ಎತ್ತಿಕೊಂಡು ಹೋಗುತ್ತದೆ. 15 ಸೆಕೆಂಡಿನ ಅಂತರ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಪ್ರತಿಯೊಂದು ಟೇಬಲ್ಲಿನ ಗಾತ್ರವನ್ನು ಅಳೆಯುವಂಥ ಭಾರವಾದ ಕ್ವೆರಿಗಳನ್ನು 15 ಸೆಕೆಂಡಿಗೊಮ್ಮೆ ಓಡಿಸಬಾರದು. ಗಂಟೆಗೊಮ್ಮೆ ಅಳೆದರೆ ಧಾರಾಳವಾಯಿತು. ನಿಗಾ ಇಡುವ ಕೆಲಸವೇ ಡೇಟಾಬೇಸಿಗೆ ಹೊರೆಯಾದ ಪ್ರಸಂಗಗಳನ್ನು ನಾನು ಕಂಡಿದ್ದೇನೆ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪ್ರೊಮೀಥಿಯಸ್ ಮತ್ತು ಗ್ರಫಾನಾಗಳನ್ನು ಡೇಟಾಬೇಸ್ ಇರುವ ಯಂತ್ರದಲ್ಲಿಯೇ ಇಡಬೇಡಿ. ಆ ಯಂತ್ರ ನಿಂತ ಕ್ಷಣದಲ್ಲಿ ಅದೇಕೆ ನಿಂತಿತೆಂದು ಹೇಳಬೇಕಾದ ಸಾಕ್ಷಿಯೂ ಅದರ ಜೊತೆಗೇ ಮುಳುಗುತ್ತದೆ. ಇನ್ನೊಂದು, ಪ್ರೊಮೀಥಿಯಸ್ ತಾನಾಗಿ ಅಂಕಿಗಳನ್ನು ಇಟ್ಟುಕೊಳ್ಳುವುದು 15 ದಿನ ಮಾತ್ರ. ಸಾಮರ್ಥ್ಯದ ಅಂದಾಜಿಗೆ ಹದಿನೈದು ದಿನ ಏನೇನೂ ಸಾಲದು. ತಿಂಗಳ ಕೊನೆಯ ಸಂಬಳದ ಲೆಕ್ಕ, ವರ್ಷಕ್ಕೊಮ್ಮೆ ಬರುವ ದಾಖಲಾತಿಯ ಗದ್ದಲ, ಪರೀಕ್ಷಾ ಫಲಿತಾಂಶದ ಬೆಳಗು, ಇವೆಲ್ಲ ಕಣ್ಣಿಗೆ ಬೀಳಬೇಕಾದರೆ ಕನಿಷ್ಠ 13 ತಿಂಗಳ ಅಂಕಿಗಳನ್ನು ಉಳಿಸಿಕೊಳ್ಳಬೇಕು. ಆದ್ದರಿಂದ ಉಳಿಕೆಯ ಅವಧಿಯನ್ನು ಪ್ರಾರಂಭದಲ್ಲಿಯೇ ಹಿಗ್ಗಿಸಿಡಿ.

ಎಣಿಕೆ ಮತ್ತು ವೇಗ

ಪೋಸ್ಟ್‌ಗ್ರೆಸ್ ಕೊಡುವ ಅಂಕಿಗಳಲ್ಲಿ ಎರಡು ಬಗೆ. ಈ ಕ್ಷಣಕ್ಕೆ ಎಷ್ಟು ಕನೆಕ್ಷನ್‌ಗಳಿವೆ, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂಬಂಥವು ಏರುತ್ತವೆ, ಇಳಿಯುತ್ತವೆ. ಇವುಗಳನ್ನು ಇದ್ದ ಹಾಗೆಯೇ ತೋರಿಸಬಹುದು. ಇಲ್ಲಿಯವರೆಗೆ ಎಷ್ಟು ಟ್ರಾನ್ಸಾಕ್ಷನ್‌ಗಳು (ಒಟ್ಟಾಗಿ ಮುಗಿಯಬೇಕಾದ ಕೆಲಸಗಳ ಕಟ್ಟುಗಳು) ಕಮಿಟ್ ಆದವು, ಅಂದರೆ ಖಾಯಂ ಆದವು, ಎಷ್ಟು ಬ್ಲಾಕ್‌ಗಳನ್ನು (ದಾಖಲೆಯ ಪುಟಗಳನ್ನು) ಓದಲಾಯಿತು ಎಂಬಂಥವು ಮನೆಯ ವಿದ್ಯುತ್ ಮೀಟರಿನ ಹಾಗೆ ಏರುತ್ತಲೇ ಇರುತ್ತವೆ. ಮೀಟರಿನ ಒಟ್ಟು ಅಂಕಿಯನ್ನು ನೋಡಿ ಈ ತಿಂಗಳ ಬಿಲ್ ಹೇಳಲು ಹೇಗೆ ಬರುವುದಿಲ್ಲವೋ ಹಾಗೆಯೇ ಈ ಒಟ್ಟು ಎಣಿಕೆಯಿಂದ ಈಗಿನ ಸ್ಥಿತಿ ತಿಳಿಯುವುದಿಲ್ಲ. ಎರಡು ಓದುಗಳ ವ್ಯತ್ಯಾಸವನ್ನು ಕಾಲದಿಂದ ಭಾಗಿಸಬೇಕು. ಪ್ರೊಮೀಥಿಯಸ್‌ನ ‘ರೇಟ್’ ಫಂಕ್ಷನ್ ಮಾಡುವುದು ಇದನ್ನೇ. ಸರ್ವರ್ ಕುಸಿದು ಎದ್ದಾಗ ಎಣಿಕೆ ಸೊನ್ನೆಯಿಂದ ಮತ್ತೆ ಆರಂಭವಾದರೂ ಆ ಫಂಕ್ಷನ್ ಅದನ್ನು ಸರಿದೂಗಿಸಿಕೊಳ್ಳುತ್ತದೆ. 15 ಸೆಕೆಂಡಿಗೊಮ್ಮೆ ಅಂಕಿ ಬರುತ್ತಿದ್ದರೆ ವೇಗವನ್ನು ಕನಿಷ್ಠ ಒಂದು ನಿಮಿಷದ ಅವಧಿಯ ಮೇಲೆ ಲೆಕ್ಕ ಹಾಕುವುದು ಒಳ್ಳೆಯದು, ಇಲ್ಲವಾದರೆ ಗೆರೆ ಅಲ್ಲಲ್ಲಿ ಹರಿದುಹೋಗುತ್ತದೆ.

ಮೊದಲ ಪರದೆ: ಈಗ ಕೆಲಸ ಸಾಗುತ್ತಿದೆಯೇ?

ಡ್ಯಾಶ್‌ಬೋರ್ಡಿನ ಮೇಲಿನ ಸಾಲು ಈ ಒಂದು ಪ್ರಶ್ನೆಗೆ ಮಾತ್ರ ಮೀಸಲಾಗಿರಲಿ. ರಾತ್ರಿ ಎರಡು ಗಂಟೆಗೆ ಫೋನ್ ಬಂದು ಎದ್ದವರು ಇಪ್ಪತ್ತು ಪ್ಯಾನೆಲ್‌ಗಳನ್ನು ಓದುವ ಸ್ಥಿತಿಯಲ್ಲಿರುವುದಿಲ್ಲ. ಸೆಕೆಂಡಿಗೆ ಎಷ್ಟು ಟ್ರಾನ್ಸಾಕ್ಷನ್‌ಗಳು ಕಮಿಟ್ ಆಗುತ್ತಿವೆ, ಎಷ್ಟು ರೋಲ್‌ಬ್ಯಾಕ್ ಆಗುತ್ತಿವೆ (ರದ್ದಾಗುತ್ತಿವೆ), ಕನೆಕ್ಷನ್‌ಗಳು ಯಾವ ಯಾವ ಸ್ಥಿತಿಯಲ್ಲಿವೆ, ಲಾಕಿಗಾಗಿ (ಟೇಬಲ್ ಅಥವಾ ಸಾಲಿನ ಮೇಲಿನ ಹಿಡಿತಕ್ಕಾಗಿ) ಎಷ್ಟು ಜನ ಕಾಯುತ್ತಿದ್ದಾರೆ, ಅತಿ ಹಳೆಯ ಟ್ರಾನ್ಸಾಕ್ಷನ್ ತೆರೆದು ಎಷ್ಟು ಹೊತ್ತಾಯಿತು, ಈ ಐದು ಸಾಕು. ಕಮಿಟ್ ವೇಗದ ಗೆರೆಯ ಹಿಂದೆ ಕಳೆದ ವಾರದ ಇದೇ ಹೊತ್ತಿನ ಗೆರೆಯನ್ನು ಮಸುಕಾಗಿ ಹಾಕಿಡಿ. ಪ್ರೊಮೀಥಿಯಸ್‌ನಲ್ಲಿ ‘ಆಫ್‌ಸೆಟ್’ ಎಂಬ ಪದದಿಂದ ಇದು ಸುಲಭವಾಗಿ ಆಗುತ್ತದೆ. ಸೋಮವಾರ ಹತ್ತು ಗಂಟೆಯ ದಟ್ಟಣೆಯನ್ನು ಭಾನುವಾರದ ನೀರವದೊಡನೆ ಹೋಲಿಸಿ ಗಾಬರಿಯಾಗುವುದು ಆಗ ತಪ್ಪುತ್ತದೆ.

ಕನೆಕ್ಷನ್‌ಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ನಿಗೂ ಆಪರೇಟಿಂಗ್ ಸಿಸ್ಟಂನ ಒಂದು ಪ್ರತ್ಯೇಕ ಪ್ರೊಸೆಸ್ ಇರುತ್ತದೆ. ಮೂಲ ಮಿತಿ 100. ಅದರಲ್ಲಿ 3 ಸೂಪರ್‌ಯೂಸರಿಗೆ ಮೀಸಲು, ಸಾಮಾನ್ಯ ಬಳಕೆಗೆ ಉಳಿಯುವುದು 97. ಮಿತಿ ಮುಟ್ಟಿತೆಂದರೆ ಹೊಸಬರಿಗೆ ಬಾಗಿಲು ಮುಚ್ಚುತ್ತದೆ, ಮಿತಿಯನ್ನು ಏರಿಸಬೇಕೆಂದರೆ ರೀಸ್ಟಾರ್ಟ್ ಬೇಕು. ಹಾಗೆಂದು ಮಿತಿಯನ್ನು ಒಮ್ಮೆಗೇ ಸಾವಿರಕ್ಕೆ ಏರಿಸುವುದು ಪರಿಹಾರವಾಗುವುದಿಲ್ಲ. ಅಷ್ಟು ಪ್ರೊಸೆಸ್‌ಗಳು ಒಟ್ಟಿಗೆ ದುಡಿಯತೊಡಗಿದರೆ ಯಂತ್ರವೇ ತತ್ತರಿಸುತ್ತದೆ. ‘ಪಿಜಿಬೌನ್ಸರ್’ನಂಥ ಪೂಲರ್ ಅನ್ನು, ಅಂದರೆ ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚಿಕೊಡುವ ಪ್ರೋಗ್ರಾಮನ್ನು, ಮುಂದೆ ನಿಲ್ಲಿಸುವುದು ಸರಿಯಾದ ದಾರಿ. ಡ್ಯಾಶ್‌ಬೋರ್ಡಿನಲ್ಲಿ ಒಟ್ಟು ಸಂಖ್ಯೆಯನ್ನು ಮಾತ್ರ ತೋರಿಸಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ‘ಆಕ್ಟಿವ್’, ‘ಐಡಲ್’, ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದು ಸ್ಥಿತಿವಾರು ಬೇರ್ಪಡಿಸಿ ಒಂದರ ಮೇಲೊಂದು ಪೇರಿಸಿದ ಗ್ರಾಫ್ ಹಾಕಬೇಕು.

ಮೂರನೆಯ ಸ್ಥಿತಿಯ ಮೇಲೆ ವಿಶೇಷವಾಗಿ ಕಣ್ಣಿಡಿ. ಅಪ್ಲಿಕೇಶನ್ ಟ್ರಾನ್ಸಾಕ್ಷನ್ ಒಂದನ್ನು ತೆರೆದು, ಕಮಿಟ್ ಮಾಡದೆ, ಬೇರೆ ಯಾವುದೋ ಸೇವೆಯ ಉತ್ತರಕ್ಕೆ ಕಾಯುತ್ತ ಕೂತಿದೆ ಎಂದು ಅದರ ಅರ್ಥ. ಅದು ಹಿಡಿದ ಲಾಕ್‌ಗಳು ಹಾಗೆಯೇ ಉಳಿಯುತ್ತವೆ. ತಿದ್ದಿದ ಮೇಲೆ ಉಳಿದ ಹಳೆಯ, ಸತ್ತ ಸಾಲುಗಳನ್ನು ಗುಡಿಸುವ ವ್ಯಾಕ್ಯೂಮ್ ಕೆಲಸಕ್ಕೂ ಅದು ಅಡ್ಡ ಬರಬಹುದು. ‘ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್’ ಎಂಬ ಮಿತಿ 9.6ನೇ ಆವೃತ್ತಿಯಿಂದಲೂ ಇದೆ, ಆದರೆ ಮೂಲತಃ ಸೊನ್ನೆ, ಅಂದರೆ ಮಿತಿಯೇ ಇಲ್ಲ. ಅದಕ್ಕೊಂದು ಬೆಲೆ ಕೊಟ್ಟ ಮೇಲೂ ಈ ಪ್ಯಾನೆಲ್ ಇರಲಿ.

ಲಾಕ್‌ಗಳಿಗೆ ಸಂಬಂಧಿಸಿದ ಒಂದು ದೃಶ್ಯವನ್ನು ಪೋಸ್ಟ್‌ಗ್ರೆಸ್ ನಡೆಸುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ನೋಡಿಯೇ ನೋಡುತ್ತಾರೆ. ಯಾರದೋ ವರದಿಯ ಕ್ವೆರಿ ಒಂದು ದೊಡ್ಡ ಟೇಬಲ್ಲನ್ನು ಹತ್ತು ನಿಮಿಷದಿಂದ ಓದುತ್ತಿರುತ್ತದೆ. ಆಗ ಆ ಟೇಬಲ್ಲಿಗೆ ಹೊಸ ಕಾಲಂ ಸೇರಿಸಲು ಒಬ್ಬರು ‘ಆಲ್ಟರ್ ಟೇಬಲ್’ ಆಜ್ಞೆ ಕೊಡುತ್ತಾರೆ. ಕಾಲಂ ಸೇರಿಸುವುದು ಕ್ಷಣದ ಕೆಲಸವೇ ಆದರೂ ಅದಕ್ಕೆ ಟೇಬಲ್ಲಿನ ಮೇಲೆ ಪೂರ್ಣ ಹಿಡಿತ ಬೇಕು, ಆದ್ದರಿಂದ ಅದು ವರದಿ ಮುಗಿಯುವವರೆಗೆ ಸಾಲಿನಲ್ಲಿ ನಿಲ್ಲುತ್ತದೆ. ಅದರ ಹಿಂದೆ ಬಂದ ಪ್ರತಿಯೊಂದು ಸಾಮಾನ್ಯ ಓದುವಿಕೆಯೂ ಅದರ ಹಿಂದೆಯೇ ನಿಲ್ಲಬೇಕಾಗುತ್ತದೆ. ಸಿಪಿಯು ಶಾಂತವಾಗಿರುತ್ತದೆ, ಡಿಸ್ಕ್ ಶಾಂತವಾಗಿರುತ್ತದೆ, ಜಾಲತಾಣ ಮಾತ್ರ ಸ್ತಬ್ಧವಾಗಿರುತ್ತದೆ. ಕಮಿಟ್ ವೇಗ ಕುಸಿದು ಲಾಕಿಗೆ ಕಾಯುವವರ ಸಂಖ್ಯೆ ಮೇಲೇರಿದ ಎರಡು ಪ್ಯಾನೆಲ್‌ಗಳು ಅಕ್ಕಪಕ್ಕದಲ್ಲಿದ್ದರೆ ಈ ರೋಗವನ್ನು ಅರ್ಧ ನಿಮಿಷದಲ್ಲಿ ಗುರುತಿಸಬಹುದು. ಯಾರು ಯಾರನ್ನು ತಡೆದಿದ್ದಾರೆಂದು ‘ಪಿಜಿ_ಬ್ಲಾಕಿಂಗ್_ಪಿಡ್ಸ್’ ಫಂಕ್ಷನ್ ಹೇಳುತ್ತದೆ. ಇಂಥ ಆಜ್ಞೆ ಕೊಡುವ ಮುನ್ನ ‘ಲಾಕ್_ಟೈಮ್‌ಔಟ್’ ಅನ್ನು ಕೆಲವೇ ಸೆಕೆಂಡುಗಳಿಗೆ ಇಟ್ಟುಕೊಳ್ಳುವ ಅಭ್ಯಾಸವನ್ನು ತಂಡದಲ್ಲಿ ಬೆಳೆಸಿ.

ಸರಾಸರಿಯನ್ನು ನಂಬುವ ಮೊದಲು

ನೂರು ವಿನಂತಿಗಳಲ್ಲಿ ತೊಂಬತ್ತೊಂಬತ್ತು 10 ಮಿಲಿಸೆಕೆಂಡಿನಲ್ಲಿ ಮುಗಿದು, ಒಂದು ಮಾತ್ರ 5 ಸೆಕೆಂಡ್ ತೆಗೆದುಕೊಂಡರೆ ಸರಾಸರಿ ಸುಮಾರು 60 ಮಿಲಿಸೆಕೆಂಡ್ ಆಗುತ್ತದೆ. ಆ 60 ಯಾರ ಅನುಭವವೂ ಅಲ್ಲ. ಆದ್ದರಿಂದ ಪ್ರತಿಕ್ರಿಯೆಯ ವೇಳೆಯನ್ನು 95ನೇ ಮತ್ತು 99ನೇ ಪರ್ಸೆಂಟೈಲ್‌ಗಳಲ್ಲಿ, ಅಂದರೆ ನೂರಕ್ಕೆ 95 ಅಥವಾ 99 ವಿನಂತಿಗಳು ಎಷ್ಟು ಹೊತ್ತಿನೊಳಗೆ ಮುಗಿದವು ಎಂಬ ಅಂಕಿಗಳಲ್ಲಿ, ನೋಡಬೇಕು. ‘ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್’ ಕನಿಷ್ಠ, ಗರಿಷ್ಠ, ಸರಾಸರಿ ಮತ್ತು ವಿಚಲನೆಗಳನ್ನು ಕೊಡುತ್ತದೆಯೇ ಹೊರತು ಪರ್ಸೆಂಟೈಲ್ ಕೊಡುವುದಿಲ್ಲ; ಅದನ್ನು ಅಪ್ಲಿಕೇಶನ್ನಿನ ಕಡೆಯಿಂದಲೇ ಅಳೆದು ತರಬೇಕು.

ಹಾಗಾದರೆ ಆ ಎಕ್ಸ್‌ಟೆನ್ಷನ್ ಏಕೆ ಬೇಕು? ಯಾವ ಕ್ವೆರಿ ಡೇಟಾಬೇಸಿನ ದುಡಿಮೆಯನ್ನು ಹೆಚ್ಚು ತಿನ್ನುತ್ತಿದೆ ಎಂದು ತಿಳಿಯಲು ಅದಕ್ಕಿಂತ ಉತ್ತಮ ಸಾಧನವಿಲ್ಲ. ದಿನಕ್ಕೊಮ್ಮೆ ಓಡಿ 40 ಸೆಕೆಂಡ್ ತೆಗೆದುಕೊಳ್ಳುವ ವರದಿಯೊಂದು ಎಲ್ಲರ ಕಣ್ಣಿಗೂ ಬೀಳುತ್ತದೆ, ಬೈಗುಳವನ್ನೂ ತಿನ್ನುತ್ತದೆ. ಬರೀ 3 ಮಿಲಿಸೆಕೆಂಡಿನ ಇನ್ನೊಂದು ಕ್ವೆರಿ ಸೆಕೆಂಡಿಗೆ 500 ಸಲ ಓಡುತ್ತಿದ್ದರೆ ಯಾರೂ ಅದರತ್ತ ನೋಡುವುದಿಲ್ಲ. ಲೆಕ್ಕ ಹಾಕಿ: ವರದಿ ದಿನಕ್ಕೆ ಬಳಸಿದ್ದು 40 ಸೆಕೆಂಡ್, ಚಿಕ್ಕ ಕ್ವೆರಿ ಬಳಸಿದ್ದು 1,29,600 ಸೆಕೆಂಡ್, ಎಂದರೆ 36 ಗಂಟೆ. 24 ಗಂಟೆಯ ದಿನದಲ್ಲಿ 36 ಗಂಟೆ ದುಡಿಯಬೇಕಾದರೆ ಒಂದೂವರೆ ಸಿಪಿಯು ಕೋರ್ ಹಗಲಿರುಳು ಅದಕ್ಕೇ ಮೀಸಲಾಗಿರಬೇಕು. ಆದ್ದರಿಂದ ಪಟ್ಟಿಯನ್ನು ಸರಾಸರಿ ವೇಳೆಯ ಮೇಲೆ ಜೋಡಿಸದೆ ಒಟ್ಟು ವೇಳೆಯ ಮೇಲೆ ಜೋಡಿಸಿ, ಮೊದಲ ಹತ್ತನ್ನು ಮಾತ್ರ ತೋರಿಸಿ. ಈ ಎಕ್ಸ್‌ಟೆನ್ಷನ್ ಮೂಲತಃ 5000 ಬಗೆಯ ಕ್ವೆರಿಗಳನ್ನು ನೆನಪಿಟ್ಟುಕೊಳ್ಳುತ್ತದೆ. ಅಷ್ಟನ್ನೂ ಪ್ರೊಮೀಥಿಯಸ್‌ಗೆ ಸುರಿದರೆ ಅದರ ಮೆಮೊರಿ ಉಬ್ಬುತ್ತದೆ, ಪ್ರಯೋಜನವೂ ಇಲ್ಲ.

ಕ್ಯಾಶ್ ಹಿಟ್ ಪ್ರಮಾಣದ (ಕೇಳಿದ ಬ್ಲಾಕ್‌ಗಳಲ್ಲಿ ಪೋಸ್ಟ್‌ಗ್ರೆಸ್‌ನ ಮೆಮೊರಿಯಲ್ಲಿಯೇ ಸಿಕ್ಕವು ಎಷ್ಟು ಎಂಬುದರ) ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬಹುತೇಕ ಸಿದ್ಧ ಡ್ಯಾಶ್‌ಬೋರ್ಡ್‌ಗಳಲ್ಲಿ ಇದು ದೊಡ್ಡ ಹಸಿರು ಅಕ್ಷರಗಳಲ್ಲಿ ಶೇ 99 ಎಂದು ಹೊಳೆಯುತ್ತಿರುತ್ತದೆ. ನಾಳೆ ಅದು ಶೇ 98 ಆದರೂ ಹಸಿರೇ. ಆದರೆ ಕೆಲಸದ ಪ್ರಮಾಣ ಅಷ್ಟೇ ಇದ್ದು 99 ಇದ್ದದ್ದು 98ಕ್ಕೆ ಇಳಿದರೆ ಪೋಸ್ಟ್‌ಗ್ರೆಸ್ ಹೊರಗಿನಿಂದ ತರಿಸಿಕೊಂಡ ಬ್ಲಾಕ್‌ಗಳು ನೂರಕ್ಕೆ ಒಂದರಿಂದ ಎರಡಕ್ಕೆ ಏರಿದವು, ಅಂದರೆ ಓದುವ ಹೊರೆ ಇಮ್ಮಡಿಯಾಯಿತು. ಜೊತೆಗೆ, ಹಾಗೆ ತರಿಸಿಕೊಂಡದ್ದು ನಿಜವಾಗಿ ಡಿಸ್ಕಿನಿಂದ ಬಂತೋ ಆಪರೇಟಿಂಗ್ ಸಿಸ್ಟಂನ ಕ್ಯಾಶಿನಿಂದ ಬಂತೋ ಎಂಬುದೂ ಈ ಅಂಕಿಯಲ್ಲಿ ಇರುವುದಿಲ್ಲ. ಈ ಪ್ಯಾನೆಲನ್ನು ತೆಗೆದುಹಾಕಿ ಸೆಕೆಂಡಿಗೆ ಓದಿದ ಬ್ಲಾಕ್‌ಗಳ ವೇಗ, ಓದಲು ಕಾದ ವೇಳೆ, ಈ ಎರಡನ್ನು ಹಾಕಿ.

ಗುಡಿಸುವ ಕೆಲಸ

ಪೋಸ್ಟ್‌ಗ್ರೆಸ್‌ನಲ್ಲಿ ಸಾಲೊಂದನ್ನು ತಿದ್ದಿದರೆ ಹಳೆಯದು ತಕ್ಷಣ ಅಳಿಯುವುದಿಲ್ಲ. ಸತ್ತ ಸಾಲಾಗಿ ಅಲ್ಲೇ ಬಿದ್ದಿರುತ್ತದೆ, ಆಟೊವ್ಯಾಕ್ಯೂಮ್ ಬಂದು ಅದನ್ನು ಗುಡಿಸುತ್ತದೆ. ಸತ್ತ ಸಾಲುಗಳು 50ರ ಜೊತೆಗೆ ಟೇಬಲ್ಲಿನ ಶೇ 20ರಷ್ಟನ್ನು ಮೀರಿದಾಗ ಅದು ಬರುವಂತೆ ಮೂಲದಲ್ಲಿ ಹೊಂದಿಸಲಾಗಿದೆ. ಹತ್ತು ಸಾವಿರ ಸಾಲುಗಳ ಟೇಬಲ್ಲಿಗೆ ಇದು ಸರಿ. ಹತ್ತು ಕೋಟಿ ಸಾಲುಗಳಿರುವ ಟೇಬಲ್ಲಿನಲ್ಲಿ ಎರಡು ಕೋಟಿ ಸಾಲುಗಳು ಸಾಯುವವರೆಗೆ ಕಸ ಗುಡಿಸುವವರು ಬರುವುದಿಲ್ಲ ಎಂದಾಯಿತು. ದೊಡ್ಡ ಟೇಬಲ್‌ಗಳಿಗೆ ಈ ಪ್ರಮಾಣವನ್ನು ಪ್ರತ್ಯೇಕವಾಗಿ 0.01 ಅಥವಾ 0.02ಕ್ಕೆ (ಶೇ 1 ಅಥವಾ 2ಕ್ಕೆ) ಇಳಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಅತಿ ಹೆಚ್ಚು ಸತ್ತ ಸಾಲುಗಳಿರುವ ಹತ್ತು ಟೇಬಲ್‌ಗಳನ್ನೂ, ಅವುಗಳಿಗೆ ಕೊನೆಯ ಆಟೊವ್ಯಾಕ್ಯೂಮ್ ಆದ ಹೊತ್ತನ್ನೂ ಒಂದೇ ಕೋಷ್ಟಕದಲ್ಲಿ ಇಡಿ.

ಸಾಮರ್ಥ್ಯ: ಶೇಕಡಾ ಬೇಡ, ದಿನಗಳು ಬೇಕು

500 ಜಿಬಿ ಡಿಸ್ಕಿನಲ್ಲಿ 200 ಜಿಬಿ ಖಾಲಿ ಇದೆ ಎಂದುಕೊಳ್ಳಿ. ದಿನಕ್ಕೆ 2 ಜಿಬಿಯಂತೆ ತುಂಬುತ್ತಿದ್ದರೆ 100 ದಿನ ಉಳಿದಿದೆ. 20 ಜಿಬಿಯಂತೆ ತುಂಬುತ್ತಿದ್ದರೆ 10 ದಿನ. ಎರಡೂ ಸಂದರ್ಭಗಳಲ್ಲಿ ಡ್ಯಾಶ್‌ಬೋರ್ಡ್ ತೋರಿಸುವುದು ಶೇ 60, ಬಣ್ಣ ಹಸಿರು. ಆದ್ದರಿಂದ ಶೇಕಡಾ ತೋರಿಸುವ ಗಡಿಯಾರದ ಮುಖಗಳನ್ನು ಬಿಟ್ಟು, ಉಳಿದ ಜಾಗವನ್ನು ಕಳೆದ ಏಳು ದಿನಗಳ ತುಂಬುವ ವೇಗದಿಂದ ಭಾಗಿಸಿ, ಎಷ್ಟು ದಿನ ಎಂಬ ಒಂದೇ ಸಂಖ್ಯೆಯನ್ನು ತೋರಿಸಿ. ಪ್ರೊಮೀಥಿಯಸ್‌ನ ‘ಡೆರಿವ್’ ಫಂಕ್ಷನ್ ಈ ವೇಗವನ್ನು ಕೊಡುತ್ತದೆ. ಮುಂದೊಂದು ಹೊತ್ತಿಗೆ ಎಷ್ಟು ಜಾಗ ಉಳಿದೀತೆಂದು ‘ಪ್ರಿಡಿಕ್ಟ್_ಲೀನಿಯರ್’ ಅಂದಾಜಿಸುತ್ತದೆ.

ಆ ಸಂಖ್ಯೆಗೆ ಎಚ್ಚರಿಕೆಯ ಗಡಿ ಎಷ್ಟಿರಬೇಕು? ಇದಕ್ಕೆ ಉತ್ತರ ಡೇಟಾಬೇಸಿನಲ್ಲಿಲ್ಲ, ನಿಮ್ಮ ಕಚೇರಿಯಲ್ಲಿದೆ. ಕ್ಲೌಡ್ ಬಳಸುವವರಿಗೆ ಡಿಸ್ಕ್ ಹಿಗ್ಗಿಸುವುದು ಕೆಲವು ನಿಮಿಷಗಳ ಕೆಲಸ. ಅವರಿಗೆ 15 ದಿನದ ಗಡಿ ಸಾಕು. ಟಿಪ್ಪಣಿ ಬರೆದು, ಮಂಜೂರಾತಿ ಪಡೆದು, ಟೆಂಡರ್ ಕರೆದು, ಹಾರ್ಡ್‌ವೇರ್ ಬಂದು ಅಳವಡಿಸಲು ನಾಲ್ಕು ತಿಂಗಳು ಹಿಡಿಯುವ ಕಡೆ 120 ದಿನಕ್ಕಿಂತ ಮೊದಲೇ ಎಚ್ಚರಿಕೆ ಬರಬೇಕು. ಡಿಸ್ಕ್ ಶೇ 80 ತುಂಬಿದಾಗ ಎಲ್ಲರಿಗೂ ಒಂದೇ ಎಚ್ಚರಿಕೆ ಎಂಬ ರೂಢಿಯಲ್ಲಿ ಈ ವ್ಯತ್ಯಾಸಕ್ಕೆ ಜಾಗವೇ ಇಲ್ಲ.

ಏಳು ದಿನಗಳ ಸರಾಸರಿ ವೇಗ ನಿಧಾನದ ಏರಿಕೆಯನ್ನು ಹಿಡಿಯುತ್ತದೆ, ದಿಢೀರ್ ಪ್ರವಾಹವನ್ನು ಹಿಡಿಯುವುದಿಲ್ಲ. ಅದಕ್ಕೆ ಆರು ಗಂಟೆಗಳ ಅವಧಿಯ ಮೇಲೆ ಇನ್ನೊಂದು ಅಂದಾಜು ಬೇಕು. ಇದನ್ನು ನಾನು ಕಲಿತದ್ದು ಒಂದು ಕೆಟ್ಟ ಭಾನುವಾರ. ನಾನು ನೋಡಿಕೊಳ್ಳುತ್ತಿದ್ದ ಡೇಟಾಬೇಸಿಗೆ ಒಂದು ರೆಪ್ಲಿಕಾ, ಅಂದರೆ ಬೇರೆ ಯಂತ್ರದಲ್ಲಿ ಓಡುವ ತದ್ರೂಪು ಪ್ರತಿ, ಇತ್ತು. ಶುಕ್ರವಾರ ಯಂತ್ರ ಬದಲಾಯಿಸುವಾಗ ಅದನ್ನು ತೆಗೆದುಹಾಕಿದೆವು, ಆದರೆ ಮುಖ್ಯ ಸರ್ವರಿನಲ್ಲಿ ಅದರ ಹೆಸರಿನಲ್ಲಿದ್ದ ರೆಪ್ಲಿಕೇಶನ್ ಸ್ಲಾಟ್ (ರೆಪ್ಲಿಕಾ ಎಲ್ಲಿಯವರೆಗೆ ಓದಿದೆ ಎಂಬ ಗುರುತು) ಉಳಿದುಹೋಯಿತು. ಆ ರೆಪ್ಲಿಕಾ ಮತ್ತೆ ಬಂದು ಕೇಳೀತೆಂದು ಪೋಸ್ಟ್‌ಗ್ರೆಸ್ ತನ್ನ ವಾಲ್ ಫೈಲ್‌ಗಳನ್ನು, ಅಂದರೆ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ದಿನಚರಿಯನ್ನು, ಒಂದನ್ನೂ ಬಿಸಾಡದೆ ಕೂಡಿಡುತ್ತ ಹೋಯಿತು. ಶನಿವಾರ ಸಂಜೆ ಡಿಸ್ಕಿನ ಪ್ಯಾನೆಲ್ ಇನ್ನೂ ಹಸಿರಾಗಿತ್ತು. ಭಾನುವಾರ ನಸುಕಿಗೆ ಡಿಸ್ಕ್ ತುಂಬಿ ಸರ್ವರ್ ನಿಂತಿತು. ದಾಖಲೆ ಕಳೆದುಹೋಗಲಿಲ್ಲ, ವಾಲ್ಯೂಮನ್ನು ಹಿಗ್ಗಿಸಿ, ಸರ್ವರನ್ನು ಎಬ್ಬಿಸಿ, ಅನಾಥ ಸ್ಲಾಟನ್ನು ಅಳಿಸಿದ ಮೇಲೆ ಮುಂದಿನ ಚೆಕ್‌ಪಾಯಿಂಟಿನಲ್ಲಿ (ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕಿಗೆ ಬರೆದು ಮುಗಿಸುವ ಹಂತದಲ್ಲಿ) ಜಾಗ ಬಿಡುಗಡೆಯಾಯಿತು. ಆದರೆ ಆ ಕೆಲವು ಗಂಟೆಗಳ ಆತಂಕ ಇಂದಿಗೂ ನೆನಪಿದೆ. ಇಂಥ ಹೊತ್ತಿನಲ್ಲಿ ವಾಲ್ ಫೋಲ್ಡರಿನ ಫೈಲ್‌ಗಳನ್ನು ಕೈಯಾರೆ ಅಳಿಸಲು ಮನಸ್ಸು ತುಡಿಯುತ್ತದೆ. ಎಂದಿಗೂ ಹಾಗೆ ಮಾಡಬೇಡಿ, ಡೇಟಾಬೇಸ್ ಮತ್ತೆ ಏಳದೇ ಹೋಗಬಹುದು.

ಅಂದಿನಿಂದ ಪ್ರತಿ ಸ್ಲಾಟೂ ಎಷ್ಟು ಬೈಟ್ ವಾಲ್ ಹಿಡಿದಿಟ್ಟಿದೆ, ಅದು ಸಕ್ರಿಯವಾಗಿದೆಯೇ ಎಂಬ ಪ್ಯಾನೆಲ್ ನನ್ನ ಎಲ್ಲ ಡ್ಯಾಶ್‌ಬೋರ್ಡ್‌ಗಳಲ್ಲಿಯೂ ಇದೆ. 13ನೇ ಆವೃತ್ತಿಯಿಂದ ‘ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್’ ಎಂಬ ಮಿತಿಯೂ ಬಂದಿದೆ; ಮೂಲದಲ್ಲಿ ಅದು ಮಿತಿಯಿಲ್ಲದಂತೆ ಇರುವುದರಿಂದ ನೀವೇ ಬೆಲೆ ಕೊಡಬೇಕು. ರೆಪ್ಲಿಕಾ ಎಷ್ಟು ಹಿಂದಿದೆ ಎಂಬುದನ್ನೂ ಬೈಟ್‌ಗಳಲ್ಲಿ ಅಳೆಯಿರಿ. ಕೊನೆಯದಾಗಿ ಅನ್ವಯಿಸಿದ ಟ್ರಾನ್ಸಾಕ್ಷನ್ನಿನ ಹೊತ್ತನ್ನು ಈಗಿನ ಹೊತ್ತಿನಿಂದ ಕಳೆಯುವ ವಿಧಾನದಲ್ಲಿ, ಮುಖ್ಯ ಸರ್ವರಿನಲ್ಲಿ ಕೆಲಸವೇ ಇಲ್ಲದ ರಾತ್ರಿಯಲ್ಲಿಯೂ ವಿಳಂಬ ಏರುತ್ತಿರುವಂತೆ ಕಾಣುತ್ತದೆ.

ಜಾಗ ಬೇಕೆಂದು ಹಳೆಯ ದಾಖಲೆಗಳನ್ನು ಅಳಿಸಿದವರು ಡಿಸ್ಕಿನ ಗೆರೆ ಇಳಿಯದಿರುವುದನ್ನು ಕಂಡು ಕಂಗಾಲಾಗುತ್ತಾರೆ. ಸಾಮಾನ್ಯ ವ್ಯಾಕ್ಯೂಮ್ ಖಾಲಿಯಾದ ಜಾಗವನ್ನು ಅದೇ ಟೇಬಲ್ಲಿನ ಮುಂದಿನ ಬಳಕೆಗೆ ಇಟ್ಟುಕೊಳ್ಳುತ್ತದೆ, ಟೇಬಲ್ಲಿನ ತುದಿಯ ಖಾಲಿ ಪುಟಗಳ ಹೊರತು ಆಪರೇಟಿಂಗ್ ಸಿಸ್ಟಂಗೆ ಮರಳಿಸುವುದಿಲ್ಲ. ‘ವ್ಯಾಕ್ಯೂಮ್ ಫುಲ್’ ಮರಳಿಸುತ್ತದೆ, ಆದರೆ ಟೇಬಲ್ಲನ್ನು ಪೂರ್ತಿ ಬೀಗ ಹಾಕಿ ಅದರ ಹೊಸ ಪ್ರತಿಯನ್ನೇ ಬರೆಯುತ್ತದೆ. ಡಿಸ್ಕ್ ತುಂಬಿರುವಾಗ ಆ ಪ್ರತಿಗೆ ಜಾಗವೆಲ್ಲಿದೆ? ತಿಂಗಳುವಾರು ಪಾರ್ಟಿಷನ್ ಮಾಡಿಟ್ಟ ಟೇಬಲ್ಲಿನಲ್ಲಿ ಹಳೆಯ ಪಾರ್ಟಿಷನ್ ಅನ್ನು ಡ್ರಾಪ್ ಮಾಡಿದರೆ ಮಾತ್ರ ಜಾಗ ಒಡನೆ ಕೈಗೆ ಬರುತ್ತದೆ. ಬೆಳೆಯುವ ಟೇಬಲ್ಲುಗಳನ್ನು ಮೊದಲೇ ಗುರುತಿಸಿ ಹೀಗೆ ಒಡೆದಿಡಲು ಟೇಬಲ್ಲುವಾರು ಗಾತ್ರದ ಪ್ಯಾನೆಲ್ ಸಹಾಯಕ್ಕೆ ಬರುತ್ತದೆ.

ಡಿಸ್ಕಿನಷ್ಟೇ ನಿಜವಾಗಿ ಮುಗಿದುಹೋಗುವ ಇನ್ನೆರಡು ಸಂಪನ್ಮೂಲಗಳಿವೆ, ಅವುಗಳ ಗಡಿ ಕಣ್ಣಿಗೆ ಕಾಣುವುದಿಲ್ಲ. ಒಂದು, ‘ಇಂಟಿಜರ್’ ಬಗೆಯ ಐಡಿ ಕಾಲಂ. ಅದರ ಗರಿಷ್ಠ ಬೆಲೆ 2,147,483,647, ನಮ್ಮ ಎಣಿಕೆಯಲ್ಲಿ ಸುಮಾರು 214 ಕೋಟಿ. ಅದು ಮುಟ್ಟಿದ ದಿನ ಆ ಟೇಬಲ್ಲಿಗೆ ಹೊಸ ಸಾಲು ಸೇರುವುದಿಲ್ಲ. ಪ್ರತಿ ಸೀಕ್ವೆನ್ಸಿನ (ಹೊಸ ಐಡಿಗಳನ್ನು ಕೊಡುತ್ತ ಹೋಗುವ ಎಣಿಕೆಯ) ಈಗಿನ ಬೆಲೆ ಮತ್ತು ದಿನದ ಏರಿಕೆಯಿಂದ ಇದಕ್ಕೂ ಉಳಿದ ದಿನಗಳನ್ನು ಲೆಕ್ಕ ಹಾಕಿ ತೋರಿಸಬಹುದು. ದೊಡ್ಡ ಟೇಬಲ್ಲಿನ ಕಾಲಮನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ‘ಬಿಗ್‌ಇಂಟ್’ಗೆ ಬದಲಿಸುವುದು ತಿಂಗಳುಗಳ ಯೋಜನೆ ಬೇಡುವ ಕೆಲಸವಾದ್ದರಿಂದ ಗಡಿ ದೂರವಿರುವಾಗಲೇ ತಿಳಿಯಬೇಕು.

ಇನ್ನೊಂದು, ಟ್ರಾನ್ಸಾಕ್ಷನ್ ಐಡಿ, ಅಂದರೆ ಬರೆಯುವ ಟ್ರಾನ್ಸಾಕ್ಷನ್‌ಗಳಿಗೆ ಕೊಡುವ ಕ್ರಮಸಂಖ್ಯೆ. ಇದೂ 32 ಬಿಟ್ ಸಂಖ್ಯೆ. ಹಳೆಯ ಸಾಲುಗಳನ್ನು ಆಗಾಗ ‘ಫ್ರೀಜ್’ ಮಾಡದಿದ್ದರೆ (ಐಡಿಯ ಹಂಗಿಲ್ಲದಂತೆ ಗುರುತು ಹಾಕದಿದ್ದರೆ) ಸುಮಾರು 214 ಕೋಟಿಯ ಗಡಿಯ ಸಮೀಪದಲ್ಲಿ ದಾಖಲೆಗಳ ರಕ್ಷಣೆಗಾಗಿ ಪೋಸ್ಟ್‌ಗ್ರೆಸ್ ಹೊಸ ಬರವಣಿಗೆಯನ್ನು ತಾನೇ ನಿಲ್ಲಿಸುತ್ತದೆ. 2015ರಲ್ಲಿ ಸೆಂಟ್ರಿ ಎಂಬ ತಂತ್ರಾಂಶ ದೋಷ ಪತ್ತೆಯ ಸೇವೆ, 2019ರ ಫೆಬ್ರವರಿಯಲ್ಲಿ ಮ್ಯಾಂಡ್ರಿಲ್ ಎಂಬ ಇಮೇಲ್ ಸೇವೆ ಈ ಗಡಿಗೆ ತಾಗಿ ತೊಂದರೆಗೊಳಗಾದವು. ಪ್ರತಿ ಡೇಟಾಬೇಸಿನ ಅತಿ ಹಳೆಯ ಐಡಿಯ ವಯಸ್ಸನ್ನು ಗ್ರಾಫ್ ಮಾಡಿದರೆ ಆರೋಗ್ಯವಂತ ಸರ್ವರಿನಲ್ಲಿ ಅದು ಗರಗಸದ ಹಲ್ಲಿನಂತೆ ಕಾಣುತ್ತದೆ: ಮೂಲ ಮಿತಿಯಾದ 20 ಕೋಟಿಯ ಸುತ್ತಮುತ್ತ ಏರಿ, ಆಟೊವ್ಯಾಕ್ಯೂಮ್ ಕೆಲಸ ಮುಗಿಸಿದಾಗ ಇಳಿಯುತ್ತದೆ. ಗೆರೆ ಇಳಿಯದೆ 50 ಕೋಟಿ ದಾಟಿದರೆ ಅಲರ್ಟ್ ಬರಲಿ. ಕಾರಣ ಹುಡುಕುವಾಗ ಮರೆತುಹೋದ ಉದ್ದನೆಯ ಟ್ರಾನ್ಸಾಕ್ಷನ್, ಅನಾಥ ಸ್ಲಾಟ್, ಕಮಿಟ್ ಆಗದೆ ಉಳಿದ ಪ್ರಿಪೇರ್ಡ್ ಟ್ರಾನ್ಸಾಕ್ಷನ್, ಈ ಮೂರನ್ನು ಮೊದಲು ನೋಡಿ.

ಅಲರ್ಟ್‌ಗಳು, ಮತ್ತು ಖಾಲಿ ಪ್ಯಾನೆಲ್

ಯಾರೋ ಏನನ್ನಾದರೂ ಮಾಡಬೇಕಾದ ವಿಷಯಕ್ಕೆ ಮಾತ್ರ ಅಲರ್ಟ್ ಇಡಬೇಕು. ಸಿಪಿಯು ಶೇ 90 ಮುಟ್ಟಿತೆಂದು ರಾತ್ರಿ ಎಬ್ಬಿಸುವ ಅಲರ್ಟ್ ಎರಡನೆಯ ವಾರಕ್ಕೆ ಯಾರೂ ಓದದ ಸಂದೇಶವಾಗುತ್ತದೆ. ರಾತ್ರಿ ಎಬ್ಬಿಸಲು ನಾನು ಇಟ್ಟುಕೊಂಡಿರುವುದು ಆರೇ ಕಾರಣಗಳು: ಡೇಟಾಬೇಸ್ ಉತ್ತರಿಸುತ್ತಿಲ್ಲ, ಅಪ್ಲಿಕೇಶನ್ನಿನ 99ನೇ ಪರ್ಸೆಂಟೈಲ್ ಹತ್ತು ನಿಮಿಷದಿಂದ ಮಿತಿ ಮೀರಿದೆ, ಕನೆಕ್ಷನ್‌ಗಳು ಮಿತಿಯ ಹತ್ತಿರವಿವೆ, ಆರು ಗಂಟೆಯ ಅಂದಾಜಿನಂತೆ ಡಿಸ್ಕ್ ಬೆಳಗಿನೊಳಗೆ ತುಂಬಲಿದೆ, ರೆಪ್ಲಿಕಾ ಬಹಳ ಹಿಂದುಳಿದಿದೆ, ಬ್ಯಾಕಪ್ ಆಗಿಲ್ಲ. ಉಳಿದದ್ದೆಲ್ಲ ಬೆಳಗಿನ ಇಮೇಲಿಗೆ ಹೋಗುತ್ತದೆ. ಪ್ರತಿ ಅಲರ್ಟಿನ ಸಂದೇಶದಲ್ಲಿಯೂ ಮೊದಲು ಮಾಡಬೇಕಾದ ಕೆಲಸ ಒಂದು ಸಾಲಿನಲ್ಲಿ ಬರೆದಿರಬೇಕು.

ಡೇಟಾ ಇಲ್ಲದ ಪ್ಯಾನೆಲ್ ಶಾಂತವಾಗಿ ಕಾಣುತ್ತದೆ ಎಂಬುದು ದೊಡ್ಡ ಅಪಾಯ. ಆವೃತ್ತಿ ಬದಲಾದಾಗ ಕಾಲಮ್ಮುಗಳ ಹೆಸರೂ ಬದಲಾಗುವುದುಂಟು. 13ನೇ ಆವೃತ್ತಿಯಲ್ಲಿ ಕ್ವೆರಿಗಳ ‘ಟೋಟಲ್_ಟೈಮ್’ ಎಂಬುದು ‘ಟೋಟಲ್_ಎಕ್ಸೆಕ್_ಟೈಮ್’ ಆಯಿತು. 17ರಲ್ಲಿ ಚೆಕ್‌ಪಾಯಿಂಟಿನ ಅಂಕಿಗಳು ಬೇರೊಂದು ವ್ಯೂಗೆ ಹೋದವು. ಅಪ್‌ಗ್ರೇಡ್ ಆದ ದಿನವೇ ಪ್ರತಿ ಪ್ಯಾನೆಲ್ ತೆರೆದು ಗೆರೆ ಮುಂದುವರಿದಿದೆಯೇ ಎಂದು ನೋಡಿ, ಮತ್ತು ಅಂಕಿಯೇ ಬರುತ್ತಿಲ್ಲವೆಂಬುದಕ್ಕೂ ಒಂದು ಅಲರ್ಟ್ ಇಡಿ. ಕಾಲವಲಯವನ್ನೂ ಪರಿಶೀಲಿಸಿ. ಲಾಗ್‌ಗಳು ಯುಟಿಸಿಯಲ್ಲಿ (ಜಾಗತಿಕ ಕಾಲಮಾನದಲ್ಲಿ) ಇದ್ದು ಗ್ರಫಾನಾ ಭಾರತೀಯ ಕಾಲಮಾನ ತೋರಿಸುತ್ತಿದ್ದರೆ ನಮ್ಮ ನಡುರಾತ್ರಿ 12ರ ಬ್ಯಾಚ್ ಕೆಲಸ ಲಾಗಿನಲ್ಲಿ ಹಿಂದಿನ ದಿನದ ಸಂಜೆ 6.30ಕ್ಕೆ ಸಿಗುತ್ತದೆ, ಆ ಐದೂವರೆ ಗಂಟೆಗಳಲ್ಲಿ ದಾರಿ ತಪ್ಪಿದವರು ಬಹಳ. ಹೊಸ ಆವೃತ್ತಿಯ ಅಪ್ಲಿಕೇಶನ್ ಬಿಡುಗಡೆಯಾದ ಹೊತ್ತನ್ನು ಗ್ರಾಫಿನ ಮೇಲೆ ಲಂಬ ಗೆರೆಯಾಗಿ ಗುರುತಿಸಿಡುವ ಅನುಕೂಲ ಗ್ರಫಾನಾದಲ್ಲಿದೆ; ಅದನ್ನು ತಪ್ಪದೆ ಬಳಸಿ.

ಸೋಮವಾರದ ಹದಿನೈದು ನಿಮಿಷ

ವಾರಕ್ಕೊಮ್ಮೆ, ತೊಂದರೆಯೇನೂ ಇಲ್ಲದಿದ್ದಾಗ, ಡ್ಯಾಶ್‌ಬೋರ್ಡನ್ನು 90 ದಿನಗಳ ಅವಧಿಗೆ ಹಿಗ್ಗಿಸಿ ನೋಡಿ. ಡಿಸ್ಕಿಗೆ ಉಳಿದ ದಿನಗಳು, ಅತಿ ಬೇಗ ತುಂಬುವ ಸೀಕ್ವೆನ್ಸಿಗೆ ಉಳಿದ ದಿನಗಳು, ದಟ್ಟಣೆಯ ಹೊತ್ತಿನ ಗರಿಷ್ಠ ಕನೆಕ್ಷನ್, ಟ್ರಾನ್ಸಾಕ್ಷನ್ ಐಡಿಯ ವಯಸ್ಸು, ಇವನ್ನು ತಾರೀಕಿನ ಜೊತೆ ಒಂದು ಹಾಳೆಯಲ್ಲಿ ಬರೆದಿಡಿ. ಅದೇ ಹಾಳೆಯಲ್ಲಿ ಐದನೆಯದಾಗಿ, ಬ್ಯಾಕಪ್ಪಿನಿಂದ ಡೇಟಾಬೇಸನ್ನು ಪೂರ್ತಿ ಮರಳಿ ಎಬ್ಬಿಸಲು ಹಿಡಿಯುವ ವೇಳೆಯನ್ನೂ ಸೇರಿಸಿ. ಇದನ್ನು ಯಾವ ಎಕ್ಸ್‌ಪೋರ್ಟರೂ ಹೇಳುವುದಿಲ್ಲ, ಬೇರೊಂದು ಯಂತ್ರದಲ್ಲಿ ತಿಂಗಳಿಗೊಮ್ಮೆ ಮಾಡಿಯೇ ಅಳೆಯಬೇಕು. ಡೇಟಾಬೇಸ್ ದೊಡ್ಡದಾದಷ್ಟೂ ಆ ವೇಳೆಯೂ ಸದ್ದಿಲ್ಲದೆ ಬೆಳೆಯುತ್ತದೆ. ಎರಡು ಗಂಟೆಯಲ್ಲಿ ಸೇವೆ ಮರಳಬೇಕೆಂದು ಒಪ್ಪಂದವಿರುವ ಕಡೆ ಆ ಅಂಕಿ ಒಂದೂವರೆ ಗಂಟೆ ಮುಟ್ಟಿದ ವಾರವೇ, ಡಿಸ್ಕಿನಲ್ಲಿ ಎಷ್ಟೇ ಜಾಗ ಉಳಿದಿರಲಿ, ಮುಂದಿನ ಯಂತ್ರದ ಟಿಪ್ಪಣಿಯನ್ನು ಈ ಹಾಳೆಯ ಸಮೇತ ಮೇಲಕ್ಕೆ ಕಳುಹಿಸಬೇಕು.